ಸೋರುವ ಕಿವಿಯನ್ನು ಕಡೆಗಣಿಸದಿರೋಣ: ಮಧ್ಯಕಿವಿಯ ಅಸಹಜ ಬೆಳವಣಿಗೆ ಮತ್ತು ಅದರ ಚಿಕಿತ್ಸೆ

ಶ್ರಾವಣ ಮಾಸ ಬಂದಿತೆಂದರೆ ನಮ್ಮ ಆಲೂರು, ಸಕಲೇಶಪುರ ಸೀಮೆಯಲ್ಲಿ ಮಳೆಯೂ ಪ್ರವಚನವೂ ಜೊತೆಜೊತೆಯಾಗಿ ಸಾಗುತ್ತವೆ. ಗದ್ದೆಯ ಕೆಲಸ ಮುಗಿಸಿ ಸಂಜೆಯ ಹೊತ್ತಿಗೆ ಮಠಕ್ಕೆ ಬರುವ ಭಕ್ತರ ನಡುವೆ ಒಂದು ಕಿವಿಗೆ ಹತ್ತಿ ಇಟ್ಟುಕೊಂಡ ಮಕ್ಕಳನ್ನು ನಾವು ಪ್ರತಿ ಮಳೆಗಾಲದಲ್ಲಿಯೂ ಕಾಣುತ್ತೇವೆ. ಮಾತು ಕೇಳಿಸಿಕೊಳ್ಳಲು ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಿ ಕುಳಿತುಕೊಳ್ಳುವ ಹಿರಿಯರನ್ನೂ ಕಾಣುತ್ತೇವೆ. ವಿಚಾರಿಸಿದರೆ ಬರುವ ಉತ್ತರ ಬಹುಮಟ್ಟಿಗೆ ಒಂದೇ: "ಏನಿಲ್ಲ ಬುದ್ಧಿ, ಕಿವಿ ಸೋರ್ತದೆ ಅಷ್ಟೆ. ನೋವೇನಿಲ್ಲ."

ಈ "ನೋವೇನಿಲ್ಲ" ಎಂಬ ಮಾತಿನ ಕುರಿತಾಗಿಯೇ ಈ ತಿಂಗಳ ಆರೋಗ್ಯ ವಿಭಾಗದಲ್ಲಿ ಬರೆಯುತ್ತಿದ್ದೇವೆ. ನೋವಿದ್ದರೆ ನಾವು ವೈದ್ಯರ ಬಳಿಗೆ ಓಡುತ್ತೇವೆ, ನೋವಿಲ್ಲದಿದ್ದರೆ ಸುಮ್ಮನಿರುತ್ತೇವೆ. ಶರೀರದ ಬಹಳಷ್ಟು ತೊಂದರೆಗಳಲ್ಲಿ ಈ ಲೆಕ್ಕಾಚಾರ ಸರಿಹೋಗಬಹುದು. ಕಿವಿಯ ವಿಷಯದಲ್ಲಿ ಮಾತ್ರ ಅದು ತಲೆಕೆಳಗಾಗುವುದುಂಟು. ನೋವಿಲ್ಲದೆ, ಸ್ವಲ್ಪವೇ ಸೋರುತ್ತ, ಕೆಟ್ಟ ವಾಸನೆ ಬೀರುವ ಕಿವಿಯೊಳಗೆ ಎಲುಬನ್ನೇ ಸವೆಸುವ ಒಂದು ಬೆಳವಣಿಗೆ ಅಡಗಿರಬಹುದು. ವೈದ್ಯರು ಇದನ್ನು ಕೊಲೆಸ್ಟಿಯಟೋಮಾ ಎಂದು ಕರೆಯುತ್ತಾರೆ. ಸಕಾಲದಲ್ಲಿ ಗುರುತಿಸಿದರೆ ಗುಣಪಡಿಸಬಹುದಾದ, ತಡಮಾಡಿದರೆ ಪ್ರಾಣಕ್ಕೂ ಅಪಾಯ ತರಬಲ್ಲ ಈ ರೋಗವನ್ನು ಪ್ರತಿಯೊಂದು ಮನೆಯವರೂ ಅರಿತಿರಬೇಕು.

ಮಧ್ಯಕಿವಿ ಎಂಬ ಪುಟ್ಟ ಕೋಣೆ

ಕಿವಿಗೆ ಮೂರು ಭಾಗಗಳಿವೆ. ನಮ್ಮ ಕಣ್ಣಿಗೆ ಕಾಣುವ ಕಿವಿಯ ಹಾಲೆ ಮತ್ತು ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಕಿವಿನಾಳ ಸೇರಿ ಹೊರಕಿವಿ. ನಾಳದ ಕೊನೆಯಲ್ಲಿ ತೆಳುವಾದ ಒಂದು ಪೊರೆ ಅಡ್ಡವಾಗಿ ಬಿಗಿದುಕೊಂಡಿದೆ, ಅದೇ ಕಿವಿತಮಟೆ. ಅದರ ಅಗಲ ಸುಮಾರು ಒಂದು ಸೆಂಟಿಮೀಟರ್, ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು. ತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಕೋಣೆಯೊಂದಿದೆ. ಅದೇ ಮಧ್ಯಕಿವಿ. ಅದರಾಚೆಗೆ ಶಬ್ದವನ್ನು ನರಗಳ ಸಂಕೇತವಾಗಿ ಮಾರ್ಪಡಿಸುವ ಮತ್ತು ಶರೀರದ ಸಮತೋಲವನ್ನು ಕಾಯುವ ಒಳಕಿವಿ ಇದೆ.

ಮಧ್ಯಕಿವಿಯ ಕೋಣೆಯಲ್ಲಿ ಮೂರು ಪುಟಾಣಿ ಮೂಳೆಗಳು ಒಂದಕ್ಕೊಂದು ಕೊಂಡಿಯಾಗಿ ನಿಂತಿವೆ. ಅವುಗಳ ಆಕಾರವನ್ನು ನೋಡಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂದು ಹೆಸರಿಟ್ಟಿದ್ದಾರೆ. ರಿಕಾಪು ಮೂಳೆಯು ನಮ್ಮ ಶರೀರದ ಅತ್ಯಂತ ಚಿಕ್ಕ ಮೂಳೆ. ಅದರ ಎತ್ತರ ಮೂರು ಮಿಲಿಮೀಟರ್ ಆಸುಪಾಸು. ತಮಟೆ ಕಂಪಿಸಿದಾಗ ಆ ಕಂಪನವನ್ನು ಈ ಮೂರು ಮೂಳೆಗಳು ಒಳಕಿವಿಗೆ ದಾಟಿಸುತ್ತವೆ.

ಈ ಕೋಣೆಗೆ ಗಾಳಿ ಬರುವುದು ಮೂಗಿನ ಹಿಂಭಾಗದಿಂದ ಹೊರಟ ಯೂಸ್ಟೇಶಿಯನ್ ನಳಿಕೆಯ ಮೂಲಕ. ಶಿರಾಡಿ ಘಾಟಿಯನ್ನು ಇಳಿಯುವಾಗ ಕಿವಿ ಕಟ್ಟಿದಂತಾಗಿ, ಉಗುಳು ನುಂಗಿದೊಡನೆ "ಟಪ್" ಎಂದು ಬಿಡುವುದನ್ನು ನಾವೆಲ್ಲರೂ ಅನುಭವಿಸಿದ್ದೇವೆ. ಆ ಬಾಗಿಲನ್ನು ತೆರೆಯುವುದು ಈ ನಳಿಕೆಯೇ. ಮಕ್ಕಳಲ್ಲಿ ಅದು ಗಿಡ್ಡವಾಗಿಯೂ ಹೆಚ್ಚು ಅಡ್ಡಲಾಗಿಯೂ ಇರುವುದರಿಂದ ಮೂಗಿನ ಸೋಂಕು ಸುಲಭವಾಗಿ ಕಿವಿಗೆ ಏರುತ್ತದೆ.

ಇನ್ನು ಈ ಕೋಣೆಯ ನೆರೆಹೊರೆಯನ್ನು ಗಮನಿಸಬೇಕು. ಮೇಲ್ಚಾವಣಿಯ ತೆಳುವಾದ ಎಲುಬಿನ ಆಚೆಗೆ ಮೆದುಳಿದೆ. ಕಿವಿಯ ಹಿಂಬದಿಯಲ್ಲಿ ಬೆರಳಿಟ್ಟರೆ ಗಟ್ಟಿಯಾಗಿ ತಾಗುವ ಮ್ಯಾಸ್ಟಾಯ್ಡ್ ಎಲುಬು ಈ ಕೋಣೆಯೊಂದಿಗೆ ಕೂಡಿಕೊಂಡಿದೆ. ಅದರೊಳಗೆ ಜೇನುಹಟ್ಟಿಯಂತೆ ಗಾಳಿಯ ಗೂಡುಗಳಿವೆ. ಮುಖದ ಸ್ನಾಯುಗಳನ್ನು ಆಡಿಸುವ ನರವು ಈ ಕೋಣೆಯ ಗೋಡೆಯೊಳಗಿನಿಂದಲೇ ಹಾದುಹೋಗುತ್ತದೆ. ಮೆದುಳಿನಿಂದ ರಕ್ತವನ್ನು ಹೊತ್ತೊಯ್ಯುವ ದೊಡ್ಡದೊಂದು ರಕ್ತನಾಳವೂ ಸಮೀಪದಲ್ಲಿಯೇ ಇದೆ. ಇಂತಹ ಜಾಗದಲ್ಲಿ ಬೆಳೆಯಬಾರದ ವಸ್ತುವೊಂದು ಬೆಳೆದರೆ ಏನಾಗಬಹುದೆಂದು ಊಹಿಸುವುದು ಕಷ್ಟವಲ್ಲ.

ಬೆಳೆಯುವುದಾದರೂ ಏನು?

"ಬೆಳವಣಿಗೆ" ಎಂದೊಡನೆ ಕ್ಯಾನ್ಸರ್ ಎಂದು ಹೆದರಬೇಕಾಗಿಲ್ಲ. ಕೊಲೆಸ್ಟಿಯಟೋಮಾ ಕ್ಯಾನ್ಸರ್ ಅಲ್ಲ. ಜರ್ಮನಿಯ ವಿಜ್ಞಾನಿ ಯೋಹಾನೆಸ್ ಮ್ಯೂಲರ್ 1838ರಲ್ಲಿ ಈ ಹೆಸರನ್ನು ಇಟ್ಟನು. ಕೊಬ್ಬಿನ ಹರಳುಗಳಿಂದಾದ ಗಡ್ಡೆಯೆಂಬುದು ಈ ಹೆಸರಿನ ಅರ್ಥ. ವಾಸ್ತವದಲ್ಲಿ ಅದು ಕೊಬ್ಬಿನದೂ ಅಲ್ಲ, ನಿಜವಾದ ಗಡ್ಡೆಯೂ ಅಲ್ಲ. ಆದರೂ ಹೆಸರು ಹಾಗೆಯೇ ಉಳಿದುಕೊಂಡಿದೆ.

ಅದು ಕೇವಲ ಚರ್ಮ. ನಮ್ಮ ಮೈಮೇಲಿರುವಂತಹ ಸಾಮಾನ್ಯ ಚರ್ಮವೇ ಇರಬಾರದ ಸ್ಥಳವನ್ನು ಸೇರಿಕೊಂಡಿರುತ್ತದೆ. ಮೈಯ ಚರ್ಮದ ಮೇಲ್ಪದರ ದಿನವೂ ಸತ್ತು ಉದುರುತ್ತದೆ. ಮೈ ತೊಳೆದಾಗ ಹೊರಟುಹೋಗುತ್ತದೆ. ಕಿವಿನಾಳದ ಚರ್ಮವಂತೂ ತಾನೇ ನಿಧಾನವಾಗಿ ಹೊರಮುಖವಾಗಿ ಸರಿಯುತ್ತ ಸತ್ತ ಪದರವನ್ನೂ ಗುಗ್ಗೆಯನ್ನೂ ಹೊರಗೆ ತರುತ್ತದೆ. ಆದುದರಿಂದಲೇ ಕಿವಿಯನ್ನು ನಾವು ಕೆರೆದು ಶುಚಿಗೊಳಿಸುವ ಅಗತ್ಯವಿರುವುದಿಲ್ಲ. ಆದರೆ ಚರ್ಮವು ಮಧ್ಯಕಿವಿಯೊಳಗೆ ಚೀಲದಂತೆ ಸಿಕ್ಕಿಕೊಂಡರೆ ಅದರ ಉದುರು ಹೊರಗೆ ಹೋಗಲು ದಾರಿಯಿಲ್ಲ. ಈರುಳ್ಳಿಯ ಪದರಗಳಂತೆ ಒಂದರ ಮೇಲೊಂದು ಕೂಡಿ, ಮುತ್ತಿನಂತೆ ಬಿಳಿಯಾದ ಉಂಡೆಯಾಗಿ ದೊಡ್ಡದಾಗುತ್ತ ಹೋಗುತ್ತದೆ.

ಈ ಚರ್ಮ ಒಳಗೆ ಸೇರುವುದು ಹೇಗೆ? ಮೂರು ದಾರಿಗಳಿವೆ.

ಮೊದಲನೆಯದೇ ಹೆಚ್ಚಾಗಿ ಕಾಣುವಂಥದು. ಪದೇಪದೇ ಬರುವ ನೆಗಡಿ, ಮೂಗಿನ ಹಿಂಬದಿಯ ಅಡಿನಾಯ್ಡ್ ಊತ, ಅಲರ್ಜಿ ಮುಂತಾದವುಗಳಿಂದ ಯೂಸ್ಟೇಶಿಯನ್ ನಳಿಕೆ ದೀರ್ಘಕಾಲ ಮುಚ್ಚಿಕೊಂಡರೆ ಮಧ್ಯಕಿವಿಯ ಗಾಳಿ ಹೀರಿಹೋಗಿ ಒತ್ತಡ ಕಡಿಮೆಯಾಗುತ್ತದೆ. ಆಗ ತಮಟೆಯ ಮೇಲ್ಭಾಗದ ಸಡಿಲವಾದ ಪೊರೆ ಒಳಕ್ಕೆ ಎಳೆಯಲ್ಪಡುತ್ತದೆ. ಕಣದಲ್ಲಿ ಕಾಫಿಯ ಮೇಲೆ ಹೊದಿಸಿದ ಟಾರ್ಪಾಲು ಮಳೆಗೆ ಜೋತುಬಿದ್ದು, ಆ ತಗ್ಗಿನಲ್ಲಿ ತರಗೆಲೆಗಳು ಸೇರಿಕೊಳ್ಳುವುದಿಲ್ಲವೇ? ಹಾಗೆಯೇ ಒಳಸೇರಿದ ಈ ಪೊರೆಯ ತಗ್ಗಿನಲ್ಲಿ ಚರ್ಮದ ಉದುರು ಸೇರಿಕೊಳ್ಳುತ್ತದೆ. ಎರಡನೆಯದು, ಸೋಂಕಿನಿಂದಲೋ ಪೆಟ್ಟಿನಿಂದಲೋ ತಮಟೆಯಲ್ಲಿ ತೂತಾಗಿ, ಆ ತೂತಿನ ಅಂಚಿನ ಚರ್ಮ ಒಳಗೆ ಬೆಳೆದುಹೋಗುವುದು. ಮೂರನೆಯದು ವಿರಳ. ತಾಯಿಯ ಗರ್ಭದಲ್ಲಿ ಕಿವಿ ರೂಪುಗೊಳ್ಳುವಾಗಲೇ ಚರ್ಮದ ಕಣಗಳು ಒಳಗೆ ಉಳಿದುಬಿಟ್ಟಿರುತ್ತವೆ. ಇಂತಹ ಮಕ್ಕಳಲ್ಲಿ ಕಿವಿ ಸೋರುವುದೇ ಇಲ್ಲದೆ, ತಮಟೆಯ ಹಿಂದೆ ಬಿಳಿಯ ಉಂಡೆ ಕಾಣುತ್ತದೆ. ಸೀಳುತಾಲುವಿನೊಂದಿಗೆ ಹುಟ್ಟಿದ ಮಕ್ಕಳಲ್ಲಿ ನಳಿಕೆಯ ಸ್ನಾಯುಗಳು ಸರಿಯಾಗಿ ಕೆಲಸ ಮಾಡದ ಕಾರಣ ಅವರ ಕಿವಿಗಳನ್ನು ವಿಶೇಷವಾಗಿ ಗಮನಿಸುತ್ತಿರಬೇಕು.

ಸೋರುವ ಕಿವಿಗಳಲ್ಲಿ ಎರಡು ಬಗೆ

ಕಿವಿ ಸೋರುವುದೆಲ್ಲ ಕೊಲೆಸ್ಟಿಯಟೋಮಾ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ 6.5 ಕೋಟಿಯಿಂದ 33 ಕೋಟಿ ಜನರಿಗೆ ಕಿವಿ ಸೋರುವ ತೊಂದರೆಯಿದೆ. ಈ ತೊಂದರೆ ಅತಿ ಹೆಚ್ಚಾಗಿರುವ ದೇಶಗಳ ಸಾಲಿನಲ್ಲಿ ಭಾರತವನ್ನೂ ಆ ವರದಿ ಸೇರಿಸಿದೆ. ಇವರಲ್ಲಿ ಬಹುಪಾಲು ಜನರದ್ದು ತಮಟೆಯ ನಡುವೆ ತೂತಾಗಿ ಸೋರುವ ಬಗೆ. ಅಲ್ಲಿ ನೆಗಡಿಯಾದಾಗ ಅಥವಾ ಕಿವಿಗೆ ನೀರು ಹೋದಾಗ ಲೋಳೆಯಂತಹ ದ್ರವ ಹೆಚ್ಚಾಗಿ ಸುರಿಯುತ್ತದೆ. ದುರ್ವಾಸನೆ ಅಷ್ಟಾಗಿ ಇರುವುದಿಲ್ಲ. ಔಷಧಿಗೆ ಒಣಗಿ ಕೆಲಕಾಲ ಸುಮ್ಮನಿರುತ್ತದೆ. ಇದಕ್ಕೂ ಚಿಕಿತ್ಸೆ ಬೇಕೇ ಬೇಕು. ಆದರೆ ಪ್ರಾಣಾಪಾಯದ ಸಂಭವ ಕಡಿಮೆ.

ಎರಡನೆಯ ಬಗೆಯೇ ಕೊಲೆಸ್ಟಿಯಟೋಮಾ. ಇಲ್ಲಿ ಸೋರುವಿಕೆ ಅಲ್ಪ. ದಿಂಬಿನ ಮೇಲೆ ಸಣ್ಣ ಕಲೆ ಕಾಣುವಷ್ಟಿರಬಹುದು. ಆದರೆ ವಾಸನೆ ತೀಕ್ಷ್ಣ. ಪಕ್ಕದಲ್ಲಿ ಕುಳಿತವರಿಗೂ ತಿಳಿಯುತ್ತದೆ. ಸತ್ತ ಚರ್ಮದ ರಾಶಿಯ ಮೇಲೆ ಸೂಕ್ಷ್ಮಜೀವಿಗಳು ಬೆಳೆಯುವುದೇ ಇದಕ್ಕೆ ಕಾರಣ. ಕೆಲವೊಮ್ಮೆ ರಕ್ತದ ಎಳೆಯೂ ಇರುತ್ತದೆ. ಹನಿಮದ್ದು ಹಾಕಿದಾಗ ಕಡಿಮೆಯಾದಂತೆ ಕಂಡು, ನಿಲ್ಲಿಸಿದೊಡನೆ ಮರುಕಳಿಸುತ್ತದೆ. ನಮ್ಮ ಪ್ರಾಚೀನ ವೈದ್ಯರೂ ಈ ವ್ಯತ್ಯಾಸವನ್ನು ಗಮನಿಸಿದ್ದರು. ಸುಶ್ರುತ ಸಂಹಿತೆಯು ಹೇಳುವ 28 ಕರ್ಣರೋಗಗಳಲ್ಲಿ ಸುಮ್ಮನೆ ಸೋರುವ "ಕರ್ಣಸ್ರಾವ" ಒಂದು, ದುರ್ಗಂಧ ಬೀರುವ "ಪೂತಿಕರ್ಣ" ಇನ್ನೊಂದು. ಪೂತಿ ಎಂದರೆ ಕೊಳೆತದ್ದು. ಕಿವಿಯ ವಾಸನೆಯನ್ನು ಬೇರೆಯೇ ಲಕ್ಷಣವಾಗಿ ಎಣಿಸಬೇಕೆಂಬ ವಿವೇಕ ಅಂದಿನಿಂದಲೂ ಇದೆ.

ನೋವಿಲ್ಲದೆ ನಡೆಯುವ ಹಾನಿ

ಹಾಗಾದರೆ ನೋವೇಕೆ ಇರುವುದಿಲ್ಲ? ಕೀವು ಒಳಗೆ ಸಿಕ್ಕಿಕೊಂಡು ಒತ್ತಡ ಹೆಚ್ಚಿದಾಗ ಕಿವಿ ನೋಯುತ್ತದೆ. ಈ ರೋಗದಲ್ಲಿ ಕೀವಿಗೆ ಹೊರದಾರಿ ಇರುವುದರಿಂದ ಒತ್ತಡವಿಲ್ಲ. ಹಾನಿಯು ತಿಂಗಳುಗಟ್ಟಲೆ, ವರ್ಷಗಟ್ಟಲೆ ಮೆಲ್ಲಗೆ ನಡೆಯುತ್ತದೆ. ಹಳೆಯ ಮನೆಯ ಮರದ ಕಂಬಕ್ಕೆ ಗೆದ್ದಲು ಹಿಡಿದರೆ ಹೊರಗೆ ಬಣ್ಣ ಮಾಸದೆ ಒಳಗೆ ಟೊಳ್ಳಾಗುವಂತೆ ಇದೂ ಕೂಡ. ಚರ್ಮದ ಚೀಲದ ಒತ್ತಡ, ಅದು ಸ್ರವಿಸುವ ಕರಗಿಸುವ ದ್ರವ್ಯಗಳು ಮತ್ತು ಸೋಂಕಿನ ಉರಿಯೂತ ಕೂಡಿ ಸುತ್ತಲಿನ ಎಲುಬನ್ನು ಸವೆಸುತ್ತವೆ.

ಮೊದಲು ಪೆಟ್ಟು ಬೀಳುವುದು ಸಾಮಾನ್ಯವಾಗಿ ಅಡಿಗಲ್ಲು ಮೂಳೆಗೆ. ಕೊಂಡಿ ಕಳಚಿದೊಡನೆ ಕಿವಿ ಮಂದವಾಗುತ್ತದೆ. ಇಲ್ಲಿಯೂ ಒಂದು ಮೋಸವಿದೆ. ಕೆಲವರಲ್ಲಿ ಈ ಬೆಳವಣಿಗೆಯೇ ಸವೆದ ಮೂಳೆಯ ಜಾಗವನ್ನು ತುಂಬಿ ಶಬ್ದವನ್ನು ದಾಟಿಸುತ್ತಿರುತ್ತದೆ. ಆಗ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ಆದುದರಿಂದ "ಕೇಳಿಸುತ್ತದೆಯಲ್ಲ" ಎಂಬುದೂ ನೆಮ್ಮದಿಯ ಮಾತಲ್ಲ.

ಮುಂದೆ ಸಮತೋಲ ಕಾಯುವ ಒಳಕಿವಿಯ ಗೋಡೆ ಸವೆದರೆ ತಲೆಸುತ್ತು ಬರುತ್ತದೆ. ಮುಖದ ನರಕ್ಕೆ ತಾಗಿದರೆ ಆ ಪಕ್ಕದ ಕಣ್ಣು ಮುಚ್ಚಲಾಗದೆ ಬಾಯಿ ಸೊಟ್ಟಗಾಗುತ್ತದೆ. ಮ್ಯಾಸ್ಟಾಯ್ಡ್ ಎಲುಬಿನಿಂದ ಕೀವು ಹೊರನುಗ್ಗಿದರೆ ಕಿವಿಯ ಹಿಂದೆ ಬಾವು ಎದ್ದು ಹಾಲೆ ಮುಂದಕ್ಕೆ ಬಾಗುತ್ತದೆ. ಮೇಲ್ಚಾವಣಿ ಸವೆದರೆ ಮೆದುಳಿನ ಪೊರೆಯ ಉರಿಯೂತ ಅಥವಾ ಮೆದುಳಿನಲ್ಲಿಯೇ ಕೀವಿನ ಗಡ್ಡೆ ಆಗಬಹುದು. ಇವೆಲ್ಲ ಎಲ್ಲರಿಗೂ ಆಗುತ್ತವೆಂದಲ್ಲ. ಆದರೆ ಯಾರಿಗೆ, ಯಾವಾಗ ಆಗುತ್ತದೆಂದು ಮೊದಲೇ ಹೇಳಲು ಬಾರದು. ಚಿಕಿತ್ಸೆಯನ್ನು ಮುಂದೂಡಬಾರದೆಂದು ವೈದ್ಯರು ಒತ್ತಾಯಿಸುವುದು ಇದಕ್ಕಾಗಿಯೇ.

ಇತಿಹಾಸದಲ್ಲಿ ಇದಕ್ಕೊಂದು ನಿದರ್ಶನವಿದೆ. ಪ್ರಸಿದ್ಧ ಐರಿಷ್ ಸಾಹಿತಿ ಆಸ್ಕರ್ ವೈಲ್ಡ್ ವರ್ಷಗಳ ಕಾಲ ಕಿವಿಯ ತೊಂದರೆಯಿಂದ ಬಳಲಿ, 1900ರ ಅಕ್ಟೋಬರಿನಲ್ಲಿ ಪ್ಯಾರಿಸ್ ನಗರದ ವಸತಿಗೃಹದ ಕೋಣೆಯಲ್ಲಿಯೇ ಕಿವಿಯ ಶಸ್ತ್ರಚಿಕಿತ್ಸೆಗೆ ಒಳಗಾದನು. ನವೆಂಬರ್ 30ರಂದು, ತನ್ನ 46ನೆಯ ವಯಸ್ಸಿನಲ್ಲಿ ತೀರಿಕೊಂಡನು. ಸೋಂಕು ಕಿವಿಯಿಂದ ಮೆದುಳಿಗೆ ಹರಡಿತ್ತೆಂದೂ ಮೂಲರೋಗ ಕೊಲೆಸ್ಟಿಯಟೋಮಾ ಆಗಿರಬೇಕೆಂದೂ ಇಬ್ಬರು ವೈದ್ಯರು 2000ದಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ವಾದಿಸಿದ್ದಾರೆ. ಆತನ ತಂದೆ ವಿಲಿಯಂ ವೈಲ್ಡ್ ಡಬ್ಲಿನ್ ನಗರದ ಹೆಸರಾಂತ ಕಿವಿವೈದ್ಯನಾಗಿದ್ದು, 1853ರಲ್ಲಿ ಕಿವಿಯ ರೋಗಗಳ ಕುರಿತು ಗ್ರಂಥವನ್ನೇ ಬರೆದಿದ್ದನು. ಅಂದು ಪ್ರತಿಜೈವಿಕ ಔಷಧಿಗಳಿರಲಿಲ್ಲ, ಸ್ಕ್ಯಾನ್ ಇರಲಿಲ್ಲ, ಶಸ್ತ್ರಚಿಕಿತ್ಸೆಯ ಸೂಕ್ಷ್ಮದರ್ಶಕವಿರಲಿಲ್ಲ. ಕಿವಿವೈದ್ಯನ ಮಗನಿಗೆ ಪ್ಯಾರಿಸ್ಸಿನಲ್ಲಿ ಅಂದು ದೊರೆಯದ ಚಿಕಿತ್ಸೆ ಇಂದು ನಮ್ಮ ಹಳ್ಳಿಯ ಕೂಲಿಕಾರರ ಮಗುವಿಗೂ ದೊರೆಯಬಲ್ಲದು. ಆದರೆ ಮಗುವನ್ನು ಕರೆದೊಯ್ಯಬೇಕು.

ಇತರ ಬೆಳವಣಿಗೆಗಳು

ಮಧ್ಯಕಿವಿಯಲ್ಲಿ ಬೇರೆ ಬಗೆಯ ಬೆಳವಣಿಗೆಗಳೂ ಉಂಟು. ದೀರ್ಘಕಾಲದ ಸೋಂಕಿನಿಂದ ಕೆಂಪಗಿನ ಮಾಂಸದ ಮೊಳಕೆ ಎದ್ದು ಕಿವಿನಾಳದಲ್ಲಿ ಕಾಣಿಸಿಕೊಳ್ಳಬಹುದು, ಇದು ಪಾಲಿಪ್. ಅದರ ಹಿಂದೆ ಹಲವು ವೇಳೆ ಕೊಲೆಸ್ಟಿಯಟೋಮಾವೇ ಇರುತ್ತದೆ. ಗ್ಲೋಮಸ್ ಎಂಬ ರಕ್ತನಾಳಗಳಿಂದ ಕೂಡಿದ ಗಡ್ಡೆ ವಿರಳವಾಗಿ ಬರುತ್ತದೆ. ಅದರಲ್ಲಿ ನಾಡಿಮಿಡಿತಕ್ಕೆ ಸರಿಯಾಗಿ ಕಿವಿಯೊಳಗೆ "ಧಬ್ ಧಬ್" ಎಂಬ ಶಬ್ದ ಕೇಳಿಸುತ್ತದೆ. ಮಧ್ಯಕಿವಿಯ ಕ್ಯಾನ್ಸರ್ ಅತಿ ವಿರಳ. ಆದರೂ ಬಹುಕಾಲ ಸೋರಿದ ಕಿವಿಯಲ್ಲಿ ಹೊಸದಾಗಿ ತೀವ್ರ ನೋವು ಮತ್ತು ರಕ್ತಸ್ರಾವ ಕಾಣಿಸಿಕೊಂಡರೆ ಒಡನೆಯೇ ಪರೀಕ್ಷಿಸಬೇಕು. ಇವುಗಳಲ್ಲಿ ಯಾವುದು ಎಂಬುದನ್ನು ಮನೆಯಲ್ಲಿ ಕುಳಿತು ನಿರ್ಧರಿಸಲಾಗದು.

ರೋಗವನ್ನು ಗುರುತಿಸುವ ಬಗೆ

ಪರೀಕ್ಷೆಗೆ ಹೆದರುವ ಕಾರಣವಿಲ್ಲ. ಕಿವಿ-ಮೂಗು-ಗಂಟಲು ತಜ್ಞರು ಮೊದಲು ಕಿವಿಯನ್ನು ಮೃದುವಾಗಿ ಶುಚಿಗೊಳಿಸಿ, ದೀಪವಿರುವ ಉಪಕರಣದಿಂದಲೂ ಸೂಕ್ಷ್ಮದರ್ಶಕದಿಂದಲೂ ತಮಟೆಯನ್ನು ನೋಡುತ್ತಾರೆ. ಅನುಭವಿ ಕಣ್ಣಿಗೆ ರೋಗವು ಹಲವು ವೇಳೆ ಇಷ್ಟರಲ್ಲಿಯೇ ತಿಳಿದುಬಿಡುತ್ತದೆ. ಅನಂತರ ಶ್ರುತಿಕವೆಯಿಂದ ಮತ್ತು ಆಡಿಯೋಗ್ರಾಂ ಎಂಬ ಶ್ರವಣ ಪರೀಕ್ಷೆಯಿಂದ ಎಷ್ಟು ಕೇಳಿಸುತ್ತದೆ, ದೋಷ ಮಧ್ಯಕಿವಿಯದೋ ಒಳಕಿವಿಯದೋ ಎಂಬುದನ್ನು ಅಳೆಯುತ್ತಾರೆ. ಎಲುಬು ಎಲ್ಲಿಯವರೆಗೆ ಸವೆದಿದೆಯೆಂದು ತಿಳಿಯಲು ಸಿ.ಟಿ. ಸ್ಕ್ಯಾನ್ ಬೇಕಾಗುತ್ತದೆ. ಮೆದುಳಿಗೆ ಹರಡಿರುವ ಅನುಮಾನವಿದ್ದರೆ, ಇಲ್ಲವೇ ಶಸ್ತ್ರಚಿಕಿತ್ಸೆಯ ಬಳಿಕ ರೋಗ ಉಳಿದಿದೆಯೇ ಎಂದು ನೋಡಬೇಕಾದರೆ ಎಂ.ಆರ್.ಐ. ಮಾಡಿಸುತ್ತಾರೆ.

ಚಿಕಿತ್ಸೆ ಎಂದರೆ ಶಸ್ತ್ರಚಿಕಿತ್ಸೆ

ಇಲ್ಲಿ ನಾವು ಸ್ಪಷ್ಟವಾಗಿ ಹೇಳಬೇಕಾದ ಮಾತೊಂದಿದೆ. ಮಾತ್ರೆಯಾಗಲಿ ಹನಿಮದ್ದಾಗಲಿ ಲೇಹ್ಯವಾಗಲಿ ಪಥ್ಯವಾಗಲಿ ಈ ಚರ್ಮದ ಚೀಲವನ್ನು ಕರಗಿಸಲಾರವು. ಔಷಧಿಯಿಂದ ಸೋಂಕು ತಗ್ಗುತ್ತದೆ, ಸೋರುವುದು ಕಡಿಮೆಯಾಗುತ್ತದೆ; ಬೆಳವಣಿಗೆ ಅಲ್ಲಿಯೇ ಇರುತ್ತದೆ. ಅದನ್ನು ಬೇರುಸಹಿತ ತೆಗೆಯುವುದೊಂದೇ ಮಾರ್ಗ. ಅತಿ ವೃದ್ಧರು ಅಥವಾ ಅರಿವಳಿಕೆಯನ್ನು ತಾಳಲಾರದಷ್ಟು ಬೇರೆ ಕಾಯಿಲೆಯಿರುವವರಲ್ಲಿ ಮಾತ್ರ ತಜ್ಞರು ನಿಯತವಾಗಿ ಕಿವಿಯನ್ನು ಶುಚಿಗೊಳಿಸುತ್ತ ಕಾಯುವ ಕ್ರಮವನ್ನು ಆರಿಸಬಹುದು.

ಶಸ್ತ್ರಚಿಕಿತ್ಸೆಗೆ ಮ್ಯಾಸ್ಟಾಯ್ಡೆಕ್ಟಮಿ ಎಂದು ಹೆಸರು. ಸಾಮಾನ್ಯವಾಗಿ ಕಿವಿಯ ಹಿಂಬದಿಯಲ್ಲಿ ಗಾಯಮಾಡಿ, ಸೂಕ್ಷ್ಮದರ್ಶಕದ ನೆರವಿನಿಂದ ಸಣ್ಣ ಡ್ರಿಲ್ ಬಳಸಿ ಎಲುಬನ್ನು ತೆರೆದು, ರೋಗವಿರುವ ಚರ್ಮವನ್ನು ಪೂರ್ಣವಾಗಿ ತೆಗೆಯುತ್ತಾರೆ. ಹೆಚ್ಚಾಗಿ ಪೂರ್ಣ ಅರಿವಳಿಕೆ ನೀಡಲಾಗುತ್ತದೆ. ಕೆಲವು ಗಂಟೆಗಳ ಕಾಲ ಹಿಡಿಯುತ್ತದೆ. ಇದರಲ್ಲಿ ಎರಡು ಕ್ರಮಗಳಿವೆ. ಒಂದರಲ್ಲಿ ಕಿವಿನಾಳದ ಹಿಂಗೋಡೆಯನ್ನು ಉಳಿಸಿಕೊಳ್ಳುತ್ತಾರೆ. ಕಿವಿಯ ಸಹಜ ರೂಪ ಉಳಿಯುತ್ತದೆ, ಆದರೆ ಮರೆಯಲ್ಲಿ ರೋಗದ ತುಣುಕು ಉಳಿದಿರುವ ಸಂಭವವಿರುವುದರಿಂದ ಸುಮಾರು ಒಂದು ವರ್ಷದೊಳಗೆ ಮತ್ತೊಮ್ಮೆ ತೆರೆದು ನೋಡಬೇಕಾಗಬಹುದು. ಇನ್ನೊಂದರಲ್ಲಿ ಆ ಗೋಡೆಯನ್ನು ತೆಗೆದು ವಿಶಾಲವಾದ ತೆರೆದ ಕುಳಿಯನ್ನು ಮಾಡುತ್ತಾರೆ. ಅಲ್ಲಿ ರೋಗ ಮರುಕಳಿಸಿದರೆ ಬೇಗ ಕಾಣುತ್ತದೆ. ಆದರೆ ಆ ಕುಳಿ ತನ್ನನ್ನು ತಾನು ಶುಚಿಗೊಳಿಸಿಕೊಳ್ಳಲಾರದು. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ವೈದ್ಯರಿಂದಲೇ ಶುಚಿಮಾಡಿಸುತ್ತಿರಬೇಕು, ನೀರು ಹೋಗದಂತೆ ಕಾಪಾಡಬೇಕು. ಪದೇಪದೇ ಆಸ್ಪತ್ರೆಗೆ ಬರಲು ಅನುಕೂಲವಿದೆಯೇ, ಊರು ಎಷ್ಟು ದೂರ, ಇನ್ನೊಂದು ಕಿವಿ ಹೇಗಿದೆ ಎಂಬುದನ್ನೆಲ್ಲ ತೂಗಿ ಕ್ರಮವನ್ನು ನಿರ್ಧರಿಸುತ್ತಾರೆ. ಆದುದರಿಂದ ನಿಮ್ಮ ಮನೆಯ ಪರಿಸ್ಥಿತಿಯನ್ನು ವೈದ್ಯರಿಗೆ ಸಂಕೋಚವಿಲ್ಲದೆ ತಿಳಿಸಿ.

ಶಸ್ತ್ರಚಿಕಿತ್ಸೆಯ ಗುರಿಗಳ ಕ್ರಮವನ್ನೂ ಅರಿತಿರಬೇಕು. ಮೊದಲ ಗುರಿ ಪ್ರಾಣಾಪಾಯವಿಲ್ಲದ ಕಿವಿ. ಎರಡನೆಯದು ಸೋರದ ಕಿವಿ. ಮೂರನೆಯದು ಕೇಳುವ ಕಿವಿ. ತಮಟೆಯನ್ನು ರೋಗಿಯದೇ ಪೊರೆಯಿಂದ ಸರಿಪಡಿಸಿ, ಸವೆದ ಮೂಳೆಗೆ ಬದಲಾಗಿ ಮೂಳೆಯ ಅಥವಾ ಮೃದ್ವಸ್ಥಿಯ ತುಣುಕನ್ನೋ ಟೈಟಾನಿಯಂನಂತಹ ಕೃತಕ ವಸ್ತುವನ್ನೋ ಇಟ್ಟು ಶ್ರವಣವನ್ನು ಉತ್ತಮಗೊಳಿಸಲು ಯತ್ನಿಸುತ್ತಾರೆ. ಇದು ಅದೇ ಸಮಯದಲ್ಲಿ ಆಗಬಹುದು, ಎರಡನೆಯ ಬಾರಿಗೆ ಉಳಿಸಲೂಬಹುದು. ಮೊದಲೇ ಹೇಳಿದಂತೆ, ಬೆಳವಣಿಗೆಯೇ ಶಬ್ದವನ್ನು ದಾಟಿಸುತ್ತಿದ್ದವರಿಗೆ ಅದನ್ನು ತೆಗೆದ ಬಳಿಕ ಕೇಳುವುದು ಮೊದಲಿಗಿಂತ ಕಡಿಮೆಯಾಗಬಹುದು. ಇದನ್ನು ತಿಳಿಯದೆ "ಆಪರೇಷನ್ ಮಾಡಿಸಿ ಕಿವಿ ಕೆಟ್ಟಿತು" ಎಂದು ಮಾತನಾಡುವವರುಂಟು. ಆ ಮಾತನ್ನು ಕೇಳಿ ಇನ್ನೊಂದು ಮನೆಯವರು ಚಿಕಿತ್ಸೆಯಿಂದ ಹಿಂಜರಿಯುತ್ತಾರೆ. ಕಡಿಮೆಯಾದ ಶ್ರವಣಕ್ಕೆ ಶ್ರವಣಸಾಧನ ಮೊದಲಾದ ಪರಿಹಾರಗಳಿವೆ. ಮೆದುಳಿಗೆ ಏರಿದ ಕೀವಿಗೆ ಅಷ್ಟು ಸುಲಭದ ಪರಿಹಾರವಿಲ್ಲ.

ಎಲ್ಲ ಶಸ್ತ್ರಚಿಕಿತ್ಸೆಗಳಂತೆ ಇದರಲ್ಲಿಯೂ ಅಪಾಯಗಳಿವೆ. ನಾಲಗೆಯ ಒಂದು ಪಕ್ಕದಲ್ಲಿ ಕೆಲಕಾಲ ರುಚಿ ವ್ಯತ್ಯಾಸವಾಗಬಹುದು, ತಲೆಸುತ್ತು ಬರಬಹುದು. ಮುಖದ ನರಕ್ಕೆ ಪೆಟ್ಟಾಗುವುದು, ಆ ಕಿವಿಯ ಶ್ರವಣ ಪೂರ್ಣ ನಷ್ಟವಾಗುವುದು ವಿರಳ. ಪರಿಣತರ ಕೈಯಲ್ಲಿ ಈ ಅಪಾಯಗಳು ರೋಗವನ್ನು ಹಾಗೆಯೇ ಬಿಡುವುದರ ಅಪಾಯಕ್ಕಿಂತ ಬಹಳ ಕಡಿಮೆ.

ಮನೆಗೆ ಬಂದ ಮೇಲೆ ವೈದ್ಯರು ಹೇಳುವವರೆಗೆ ಕಿವಿಗೆ ನೀರು ತಾಗಿಸಬಾರದು. ಮೂಗನ್ನು ಜೋರಾಗಿ ಸೀಟಬಾರದು. ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಕೆಲವು ವಾರ ಮೂಟೆ ಹೊರುವಂತಹ ಭಾರದ ಕೆಲಸ ಬೇಡ. ಕಿವಿ ಒಣಗಿತೆಂದು ಮರುಪರೀಕ್ಷೆಯನ್ನು ಮಾತ್ರ ಬಿಡಬಾರದು. ಈ ರೋಗ, ಅದರಲ್ಲಿಯೂ ಮಕ್ಕಳಲ್ಲಿ, ವರ್ಷಗಳ ಬಳಿಕವೂ ಮರಳಬಲ್ಲದು.

ಮನೆಯಲ್ಲಿ ಮಾಡಬಾರದ್ದು, ಮಾಡಬೇಕಾದ್ದು

ಸೋರುವ ಕಿವಿಗೆ ಕಾಯಿಸಿದ ಎಣ್ಣೆ, ಬೆಳ್ಳುಳ್ಳಿಯ ರಸ, ಸೊಪ್ಪಿನ ರಸ, ಎದೆಹಾಲು ಮುಂತಾದವುಗಳನ್ನು ಹಾಕುವ ವಾಡಿಕೆ ನಮ್ಮ ಮನೆಗಳಲ್ಲಿದೆ. ಪ್ರೀತಿಯಿಂದಲೇ ಮಾಡಿದರೂ ಅದು ತೂತಾದ ತಮಟೆಯ ಮೂಲಕ ಒಳಹೋಗಿ ಸೋಂಕನ್ನು ಹೆಚ್ಚಿಸುತ್ತದೆ. ಅಂಗಡಿಯಿಂದ ತಾವೇ ಕೇಳಿ ತಂದ ಹನಿಮದ್ದೂ ಬೇಡ; ತಮಟೆ ತೂತಾಗಿದ್ದಾಗ ಕೆಲವು ಔಷಧಿಗಳು ಒಳಕಿವಿಗೆ ಹಾನಿ ಮಾಡಬಲ್ಲವು. ಕಡ್ಡಿ, ಹೇರ್‌ಪಿನ್ನು, ಹತ್ತಿ ಸುತ್ತಿದ ಕಡ್ಡಿಗಳಿಂದ ಕಿವಿ ಕೆರೆಯುವುದು, ಸಂತೆ ಜಾತ್ರೆಗಳಲ್ಲಿ ಗುಗ್ಗೆ ತೆಗೆಯುವವರಿಗೆ ಕಿವಿಯೊಡ್ಡುವುದು ಬೇಡವೇ ಬೇಡ. ಮಕ್ಕಳ ಕಪಾಳಕ್ಕೆ ಹೊಡೆಯಲೇಬಾರದು. ಒಂದೇ ಏಟಿಗೆ ತಮಟೆ ಹರಿಯಬಹುದು.

ಸೋರುವ ಕಿವಿಯ ಮಕ್ಕಳು ಕೆರೆ, ಹೊಳೆ, ನಾಲೆಗಳಲ್ಲಿ ಈಜಬಾರದು. ಸ್ನಾನ ಮಾಡಿಸುವಾಗ ಹತ್ತಿಗೆ ವ್ಯಾಸಲೀನ್ ಸವರಿ ಕಿವಿಯ ಬಾಯಿಗೆ ಇಡಬೇಕು, ಸ್ನಾನವಾದೊಡನೆ ತೆಗೆಯಬೇಕು. ಹಸುಗೂಸಿಗೆ ಹಾಲೂಡಿಸುವಾಗ ತಲೆಯನ್ನು ಎತ್ತರಿಸಿ ಹಿಡಿಯಬೇಕು. ಒಲೆಯ ಹೊಗೆ, ಬೀಡಿ-ಸಿಗರೇಟಿನ ಹೊಗೆ ಮಕ್ಕಳ ಕಿವಿಯ ಸೋಂಕನ್ನು ಹೆಚ್ಚಿಸುತ್ತವೆ. ಲಸಿಕೆಗಳನ್ನು ತಪ್ಪದೆ ಹಾಕಿಸಬೇಕು. ಬಾಯಿ ತೆರೆದು ಮಲಗುವ, ಗೊರಕೆ ಹೊಡೆಯುವ, ಸದಾ ನೆಗಡಿಯಿರುವ ಮಗುವಿಗೆ ಅಡಿನಾಯ್ಡ್ ತೊಂದರೆಯಿದೆಯೇ ಎಂದು ತೋರಿಸಬೇಕು. ಕರೆದರೆ ಓಗೊಡದ, ಓದಿನಲ್ಲಿ ಹಿಂದುಳಿದ ಮಗುವನ್ನು "ಮಂಕು" ಎಂದು ಗದರಿಸುವ ಮೊದಲು ಅದರ ಕಿವಿಯನ್ನು ಪರೀಕ್ಷಿಸಿಸೋಣ.

ತಡಮಾಡದೆ ಹೋಗಬೇಕಾದ ಸಂದರ್ಭಗಳು

ಎರಡು ವಾರಗಳಿಗಿಂತ ಹೆಚ್ಚು ಕಾಲ ಸೋರುವ ಅಥವಾ ಮರಳಿ ಮರಳಿ ಸೋರುವ ಯಾವ ಕಿವಿಯನ್ನಾದರೂ ತಜ್ಞರಿಗೆ ತೋರಿಸಬೇಕು. ವಾಸನೆಯಿದ್ದರೆ ಎರಡು ವಾರವೂ ಕಾಯಬಾರದು. ಸೋರುವ ಕಿವಿಯ ಜೊತೆಗೆ ಬಾಯಿ ಸೊಟ್ಟಗಾಗುವುದು, ತಲೆಸುತ್ತು, ಕಿವಿಯ ಹಿಂದೆ ಬಾವು, ತೀವ್ರ ತಲೆನೋವು, ಚಳಿಜ್ವರ, ವಾಂತಿ, ಕತ್ತು ಬಿಗಿಯುವುದು, ಮಂಪರು ಇವುಗಳಲ್ಲಿ ಯಾವುದೊಂದು ಕಂಡರೂ ಅದೇ ದಿನ, ರಾತ್ರಿಯಾಗಿದ್ದರೆ ರಾತ್ರಿಯೇ, ದೊಡ್ಡ ಆಸ್ಪತ್ರೆಗೆ ಹೋಗಬೇಕು. ಸೋರುತ್ತಿದ್ದ ಕಿವಿ ಹಠಾತ್ತನೆ ನಿಂತು ತಲೆನೋವು ಆರಂಭವಾದರೆ ಅದು ವಾಸಿಯಾದ ಗುರುತಲ್ಲ. ಕೀವು ಒಳಗೆ ಸಿಕ್ಕಿಕೊಂಡಿರಬಹುದು.

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಲೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಅಥವಾ ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯಲ್ಲಿ ತೋರಿಸಬಹುದು. ಹಾಸನದಲ್ಲಿ 2006ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಕಾರ್ಯನಿರ್ವಹಿಸುತ್ತಿದೆ. ಶ್ರವಣ ಪರೀಕ್ಷೆಗೂ ಶ್ರವಣಸಾಧನದ ಸಲಹೆಗೂ ದೇಶದ ನಾನಾ ಕಡೆಗಳಿಂದ ಜನರು ಅಲ್ಲಿಗೆ ಬರುತ್ತಾರೆ. ಹಣದ ಚಿಂತೆಯಿಂದ ಹಿಂಜರಿಯುವವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಕಾರ್ಡು ಮಾಡಿಸಿಕೊಂಡಿರಬೇಕು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವು ಈ ಯೋಜನೆಯಲ್ಲಿದೆ. ಯಾವ ಶಸ್ತ್ರಚಿಕಿತ್ಸೆ ಎಲ್ಲಿ ಲಭ್ಯ, ಯಾವ ಪತ್ರ ಬೇಕು ಎಂಬುದನ್ನು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರು ತಿಳಿಸುತ್ತಾರೆ. ಊರಿನ ಆಶಾ ಕಾರ್ಯಕರ್ತೆಯರಲ್ಲಿಯೂ ವಿಚಾರಿಸಬಹುದು.

ಶ್ರಾವಣದ ಸಂಜೆಗಳಲ್ಲಿ ಮಠದ ಅಂಗಳಕ್ಕೆ ಬರುವ ಪ್ರತಿಯೊಂದು ಮಗುವಿಗೂ ವಚನದ ಸವಿ ಕೇಳಿಸಬೇಕು. ಮುಂದಿನ ಬಾರಿ ಕಿವಿಗೆ ಹತ್ತಿ ಇಟ್ಟ ಮಗುವನ್ನು ನಮ್ಮ ಬಳಿಗೆ ಕರೆತಂದಾಗ "ನೋವೇನಿಲ್ಲ ಬುದ್ಧಿ" ಎಂಬ ಮಾತಿನ ಬದಲು "ಡಾಕ್ಟರಿಗೆ ತೋರಿಸಿದ್ದೇವೆ ಬುದ್ಧಿ" ಎಂಬ ಮಾತನ್ನು ಕೇಳುವಂತಾಗಲಿ ಎಂಬುದೇ ನಮ್ಮ ಹಾರೈಕೆ.